ರಾಣಿ ಹಾಕಿದ ಒಡಪು

ದರ್ಬಾರು ಪೂರ್ತಿ ರಾಣಿಗಾಗಿ ಕಾಯುತ್ತಿತ್ತು. ರಾಣಿ ದಾಂಡೇಲಿಯ ನಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ಸುಮ್ಮನೆ ಕುಳಿತಿದ್ದಳು. ಅವಳು ನನ್ನ ದೊಡ್ಡವ್ವ. ಬೇರೆ ಬೇರೆ ಊರಿನವರು ರಾಜ, ಮಂತ್ರಿ, ಸಾಮಂತರಾಗಿ ಮಾತು ಟೈಪ್ ಮಾಡುತ್ತ ಆಡುವ ಈ ಆನ್‌ಲೈನ್ ಆಟ ನಾನು ಕಟ್ಟಿದ್ದು. ದುಷ್ಟ ರಾಜನನ್ನು ಇಳಿಸಲು ರಾಣಿ ಅವನ ಹೆಸರು ಬರೆದು ಆಜ್ಞೆ ಹೊರಡಿಸಬೇಕೆಂಬ ನಿಯಮವೂ ನನ್ನದೇ. ತಡವಾದರೆ ಸೆರೆಯಲ್ಲಿದ್ದ ಸಾಮಂತರ ತಲೆ ಹೋಗುತ್ತಿತ್ತು.

“ಹೆಸರು ಬರೀ ದೊಡ್ಡವ್ವ, ಹೊತ್ತಾಗ್ತೈತಿ,” ಎಂದೆ.

“ಗಂಡನ ಹೆಸರು ಹಂಗ ಹೆಂಗ ಹೇಳ್ಲಿ ಯವ್ವಾ?”

“ಅವ ಆಟದಾಗಿನ ಗಂಡ!”

“ಆದ್ರೇನಾತು, ನಾ ರಾಣಿ ಹೌದಲ್ಲ?”

ಆಮೇಲೆ, ಮದುವೆಮನೆಯಲ್ಲಿ ಹೆಂಗಸರು ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳುತ್ತಾರಲ್ಲ, ಹಾಗೇ ಒಂದೊಂದೇ ಅಕ್ಷರ ಒತ್ತಿದಳು:

“ಬೆಳ್ಳಿ ಬಟ್ಟಲಾಗ ಬೆಲ್ಲದ ಪಾಕ,
ಧವಳರಾಯರ ಆಳಿಕಿ ಇನ್ನ ಸಾಕ.”

ಸೋತಾಗಲೆಲ್ಲ ನನ್ನೊಡನೆ ಜಗಳ ತೆಗೆಯುವ, ಮುಂಡಗೋಡದಿಂದ ರಾಜನಾಗಿ ಆಡುತ್ತಿದ್ದಾತ, “ಕಿರೀಟ ಇಳಿಸೇನಿ, ತಾಯಿ,” ಎಂದು ಬರೆದ.

ಆ ರಾಜ್ಯವನ್ನು ಕಟ್ಟಿದವಳು ನಾನು, ಅದರಲ್ಲಿ ನಿಜವಾಗಿ ಬಾಳಿದವಳು ದೊಡ್ಡವ್ವ. ಈಗ ನಿಯಮ ಬದಲಿಸಿದ್ದೇನೆ: ರಾಜನನ್ನು ಇಳಿಸುವ ರಾಣಿ ಯಾರೇ ಆಗಲಿ, ಮೊದಲು ಒಡಪು ಹಾಕಬೇಕು.