ಸಡಿಲ ಹೊಲಿದ ನಾಲ್ಕನೆಯ ಮೂಲೆ

ಬೀದಿದೀಪ ಇನ್ನೂ ಆರಿಲ್ಲ. ಹಾಸಿಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಹತ್ತಿಯಕ್ಕ ಮೂಗು, ಬಾಯಿ ಮುಚ್ಚುವಂತೆ ಹಳೆಯ ಬಟ್ಟೆ ಬಿಗಿದುಕೊಂಡು, ಎರಡು ಬೆತ್ತ ಹಿಡಿದು ಹತ್ತಿ ಬಡಿಯುತ್ತಿದ್ದಾರೆ. ಗಾಳಿ ಏಳುವ ಮುನ್ನ ಈ ಕೆಲಸ ಮುಗಿಯಬೇಕು. ಇಲ್ಲವಾದರೆ ಹತ್ತಿಯೆಲ್ಲ ಬೀದಿ ಪಾಲು. ಒಂದು ಬೆತ್ತ ಪದ ಹೇಳಿದರೆ ಇನ್ನೊಂದು ತಾಳ ಹಾಕಿದಂತೆ ಏಳುತ್ತದೆ, ಬೀಳುತ್ತದೆ. ಇದ್ದಕ್ಕಿದ್ದಂತೆ ಕೈ ನಿಲ್ಲುತ್ತದೆ. ಒಳಗೆ, ಗವಸುಗಳ ರಾಶಿಯ ಆಚೆ, ಕತ್ತರಿಯ ಸದ್ದು.

"ಯಜಮಾನ್ರು ಬಂದ್ರು," ಎನ್ನುತ್ತಾರೆ ಅಕ್ಕ, ತಿರುಗಿ ನೋಡದೆ. "ನಿನ್ನೆ ಹೊಲಿದಿದ್ರ ಮೂಲೆ ಬಿಚ್ತಿದಾರೆ. ಬಿಚ್ಲಿ ಬಿಡಿ."

ಅಕ್ಕನಿಗೆ ಐವತ್ತೆರಡು. ಈ ಅಂಗಡಿಗೆ ಬಂದು ಇಪ್ಪತ್ತಾರು ವರ್ಷ. ಈಗಿನ ಮಾಲೀಕರ ತಂದೆಯ ಕಾಲದಿಂದ. ದಿನಕ್ಕೆ ಎರಡು ಹಾಸಿಗೆ, ನಾಲ್ಕು ದಿಂಬು. ಒಂದೊಂದು ಹಾಸಿಗೆಗೂ ಗೇಣುದ್ದದ ದಬ್ಬಣದಲ್ಲಿ ಇನ್ನೂರಕ್ಕೂ ಮಿಕ್ಕ ಹೊಲಿಗೆ. ಗಂಡ ಇದೇ ಕೆಲಸ ಮಾಡಿ, ಇದೇ ಧೂಳು ಎದೆಗೆ ತುಂಬಿಕೊಂಡು ತೀರಿಕೊಂಡರು. "ಅಮ್ಮ ಮನೆಗೆ ಬಂದ್ರೆ ಮೋಡ ಒಳಗೆ ಬಂದ ಹಾಗೆ" ಎಂದು ತಲೆಯಿಂದ ಹತ್ತಿಯೆಳೆ ಹೆಕ್ಕುವ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೊಂದು ವರ್ಷ ಇದೆ. ಅಲ್ಲಿಯವರೆಗೆ ಕೆಲಸ ಉಳಿಯಬೇಕು. ಉಳಿಯುತ್ತದೆಯೇ ಎಂಬ ಅನುಮಾನ ಶಟರಿನ ಪಕ್ಕದ ಬೋರ್ಡಿನಲ್ಲೇ ನೇತಾಡುತ್ತಿದೆ: 'ಹಾಸಿಗೆ ಹೊಲಿಯುವವರು ಬೇಕಾಗಿದ್ದಾರೆ.' ಇಲ್ಲಿ ಹಾಸಿಗೆ ಹೊಲಿಯುವವರು ಇರುವುದೇ ಒಬ್ಬರು.

ಮಾಲೀಕರ ಧರ್ಮ ಬೇರೆ, ಅಕ್ಕನ ಧರ್ಮ ಬೇರೆ. ಮಾಲೀಕರ ದೇವರ ದಿನ ಅಂಗಡಿಗೆ ಬೀಗ. ಅಕ್ಕನ ದೇವರ ದಿನ ಎಂದಿನಂತೆ ಕೆಲಸ. ಇಪ್ಪತ್ತೈದು ವರ್ಷ ಇದು ಯಾರ ಬಾಯಿಗೂ ಬಂದಿರಲಿಲ್ಲ. ಬಂದದ್ದು ಒಂದು ಹುರಿಯಿಂದ.

ಕಳೆದ ವರ್ಷ ಗಿರಾಕಿಯೊಬ್ಬರು, ಮಾಲೀಕರ ಜೊತೆ ಪ್ರಾರ್ಥನೆಗೆ ಕೂರುವ ಹಿರಿಯ ಹೆಂಗಸು, ತಮ್ಮ ಹಾಸಿಗೆ ಬಿಚ್ಚಿದಾಗ ಮೂಲೆಯಲ್ಲಿ ಒಂದು ಹುರಿ ಸಿಕ್ಕಿತು. ಅದರಲ್ಲಿ ಹತ್ತು ಗಂಟು. ಅದೇ ತಿಂಗಳು ಮೊಮ್ಮಗುವಿಗೆ ಜ್ವರ ಬಂದು ಬಿಟ್ಟಿರಲಿಲ್ಲ. ಬರಿಗೈಯಲ್ಲಿ ಮುಟ್ಟದೆ, ಕಾಗದದಲ್ಲಿ ಸುತ್ತಿ ತಂದು ಮಾಲೀಕರ ಮೇಜಿನ ಮೇಲಿಟ್ಟರು. "ಯಾರು ಮಾಡಿದ ಮಾಟ ಅಂತ ನೀವೇ ಕೇಳಿ."

ಮಾಲೀಕರು ಕೇಳಿದರು. ಅಕ್ಕನಿಗೆ ನಗು ಬಂತು. ಆ ನಗುವೇ ಮುಳುವಾಯಿತು.

"ಕೆಜಿಗೊಂದು ಗಂಟು ಯಜಮಾನ್ರೇ. ನಮ್ಮತ್ತೆ ಕಲಿಸಿದ್ದು. ಹತ್ತು ಕೆಜಿ ತುಂಬಿದ್ರೆ ಹತ್ತು ಗಂಟು. ಮುಂದೆ ಯಾರೇ ಬಿಚ್ಲಿ, ಮೋಸ ಇಲ್ಲ ಅಂತ ಗೊತ್ತಾಗ್ಬೇಕಲ್ಲ."

"ಗಂಟು ಹಾಕುವಾಗ ಬಾಯಲ್ಲಿ ಏನೋ ಹೇಳ್ತೀರಲ್ಲ ಅಕ್ಕ?"

"ದೇವರ ಹೆಸರು. ಹೆಸರು ಹೇಳಿ ಸುಳ್ಳು ಗಂಟು ಹಾಕಕ್ಕಾಗುತ್ತಾ?"

"ಯಾರ ದೇವರು?"

"ನನ್ನ ಬಾಯಲ್ಲಿ ನಿಮ್ಮ ದೇವರು ಬಂದ್ರೆ ಆಗ ಅನುಮಾನ ಪಡಿ."

ಮಾಲೀಕರು ನಗಲಿಲ್ಲ. ಗಂಟು ಬೇಡ ಎಂದರು. ವಾರದೊಳಗೆ ಬೋರ್ಡು ಬಂತು. ಅಕ್ಕ ಗಂಟು ಬಿಡಲಿಲ್ಲ. "ಬಿಟ್ರೆ ತಪ್ಪು ಮಾಡಿದ್ದೆ ಅಂತ ಒಪ್ಕೊಂಡ ಹಾಗೆ." ಅಂದಿನಿಂದ ಮಾಲೀಕರು ಬೆಳಕು ಹರಿಯುವ ಮುನ್ನವೇ ಬಂದು ಮೂಲೆ ಕತ್ತರಿಸಿ, ಹುರಿ ಎಳೆದು ಕಸದ ಬುಟ್ಟಿಗೆ ಹಾಕತೊಡಗಿದರು. ಅವರು ಅತ್ತ ಹೋದ ಮೇಲೆ ಅಕ್ಕ ಅದೇ ಮೂಲೆಗೆ ಕೈ ಹಾಕಿ ತಡಕುತ್ತಾರೆ. "ತೆಗೆದು ಸುಮ್ನೆ ಹೋದ್ರೋ, ಏನಾದ್ರೂ ಇಟ್ಟು ನನ್ನ ತಲೆಗೆ ಕಟ್ತಾರೋ, ಯಾರಿಗ್ಗೊತ್ತು."

ಆರು ತಿಂಗಳ ಹಿಂದೆ ಲಾಡ್ಜಿನ ಮ್ಯಾನೇಜರು ಹಾಸಿಗೆಯೊಂದನ್ನು ವಾಪಸ್ಸು ಹೊರಿಸಿಕೊಂಡು ಬಂದರು. ಹತ್ತು ಕೆಜಿ ಎಂದು ಏಳೇ ತುಂಬಿದ್ದೀರಿ ಎಂದು ಜಗಳ. ತಕ್ಕಡಿಗೆ ಹಾಕಿದರೆ ನಿಜಕ್ಕೂ ಏಳೇ. ಮೂರು ಕೆಜಿ ಹೋದದ್ದು ಅಂಗಡಿಯಲ್ಲೋ ಲಾಡ್ಜಿನಲ್ಲೋ? ಮಾಲೀಕರ ಕೈ ತಾನಾಗಿಯೇ ಮೂಲೆಗೆ ಹೋಯಿತು. ಅಲ್ಲಿ ಹುರಿ ಇರಲಿಲ್ಲ. ತೆಗೆದವರು ಅವರೇ. ಮೂರು ಕೆಜಿ ತುಂಬಿಸಿ ಕಳಿಸಿದರು.

ಸಂಜೆ ಅಕ್ಕನ ಬಳಿ ಬಂದು, "ಗಂಟು ಇರ್ಲಿ. ಬಾಯಲ್ಲಿ ಹೇಳೋದು ಬೇಡ," ಎಂದರು.

ಅಕ್ಕ ಮುಖದ ಬಟ್ಟೆ ತೋರಿಸುತ್ತಾರೆ. "ಇದರೊಳಗೆ ತುಟಿ ಅಲ್ಲಾಡುತ್ತೋ ಇಲ್ವೋ, ಯಾರು ಬಂದು ನೋಡ್ತಾರೆ?"

ಕತ್ತರಿ ಮಾತ್ರ ನಿಂತಿಲ್ಲ. ಈಗ ಮಾಲೀಕರು ಗಂಟು ಎಣಿಸಿ ಹುರಿಯನ್ನು ಮತ್ತೆ ಒಳಗಿಡುತ್ತಾರೆ. ಅವರ ಅವಸರದಲ್ಲಿ ಗವಸೇ ಹರಿಯುತ್ತದೆಂದು ಅಕ್ಕ ನಾಲ್ಕನೆಯ ಮೂಲೆಯನ್ನು ಬೇಕೆಂದೇ ಸಡಿಲ ಹೊಲಿಯುತ್ತಾರೆ, ಒಂದು ಎಳೆ ಕತ್ತರಿಸಿದರೆ ಬಿಚ್ಚಿಕೊಳ್ಳುವಂತೆ.

ಈ ವಾರ ಅಂಗಡಿಗೆ ಬಂದಿರುವುದು ಮಾಲೀಕರ ಮನೆಯದೇ ಹಾಸಿಗೆ. ಹದಿನೆಂಟು ವರ್ಷದ ಹಿಂದೆ, ಅವರ ಮದುವೆಗೆಂದು ಅಕ್ಕನೇ ಹೊಲಿದದ್ದು. ಮೂಲೆಯನ್ನು ಮಾಲೀಕರೇ ಬಿಚ್ಚಿದರು. ಹದಿನಾರು ಗಂಟು. ತೂಗಿದರೆ ಹದಿನೈದು ಮುಕ್ಕಾಲು.

"ಕಾಲು ಕೆಜಿ ಎಲ್ಲಿ ಅಕ್ಕ?"

"ಹದಿನೆಂಟು ವರ್ಷ ಮಲಗಿದ್ದು ನೀವು. ನನ್ನ ಕೇಳಿದ್ರೆ?"

ಬಣ್ಣಗೆಟ್ಟ ಹುರಿಯನ್ನು ಮಾಲೀಕರು ಬೆರಳಲ್ಲಿ ಹಿಡಿದೇ ನಿಂತರು. "ಇದಕ್ಕೂ ಹೆಸರು ಹೇಳಿದ್ರಾ?"

"ಹದಿನಾರು ಸಲ."

ಅವರು ಹುರಿಯನ್ನು ಹತ್ತಿಯ ಮೇಲಿಟ್ಟರು. ಮುಂದಿನ ಕೋಣೆಗೆ ಹೋಗಿ ಬೀದಿ ನೋಡುತ್ತ ಕೂತರು. ಅಕ್ಕ ನಿನ್ನೆ ಹತ್ತಿ ಬಡಿದು, ಕಾಲು ಕೆಜಿ ಸೇರಿಸಿ, ಹುರಿ ಇಟ್ಟು ಹೊಲಿದಿದ್ದಾರೆ. ನಾಲ್ಕನೆಯ ಮೂಲೆ ಎಂದಿನಂತೆ ಸಡಿಲ.

ಬೆಳಕು ಅಂಗಳಕ್ಕೆ ಇಳಿದಿದೆ. ಒಳಗಿನ ಕತ್ತರಿ ಸುಮ್ಮನಾಗಿದೆ. ಅಕ್ಕ ಒಳಗೆ ಹೋಗಿ ಬೆರಳಾಡಿಸಿ ನೋಡುತ್ತಾರೆ: ಎರಡು ದಿಂಬು, ಲಾಡ್ಜಿನ ಹೊಸ ಹಾಸಿಗೆ, ಎಲ್ಲದರ ಮೂಲೆಯೂ ಬಿಚ್ಚಿದೆ. ಮಾಲೀಕರ ಹಾಸಿಗೆಯ ಹೊಲಿಗೆ ಹಾಗೇ ಇದೆ. ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ, ನಂಬಿಕೆ ಬಾರದವರಂತೆ. ಆಮೇಲೆ ದಬ್ಬಣ ತೆಗೆದುಕೊಂಡು ಆ ಮೂಲೆಯನ್ನು ಬಿಗಿಯಾಗಿ ಹೊಲಿಯುತ್ತಾರೆ.

"ಬೋರ್ಡು ಇಳಿಸಿ ಅಂತ ನಾನು ಕೇಳಲ್ಲ," ಎನ್ನುತ್ತಾರೆ, ಮುಖದ ಬಟ್ಟೆ ಸರಿಸಿ ದಾರವನ್ನು ಹಲ್ಲಲ್ಲಿ ಕಡಿದು. "ಎಲ್ಲಾ ಹಾಸಿಗೆಗೂ ನಾಲ್ಕು ಮೂಲೆನೂ ಹೀಗೆ ಹೊಲಿಯೋ ಹಾಗಾದ್ರೆ ಸಾಕು."