ಸ್ಟೆನೋ ಅಕ್ಕ ಕೊಂಡ ಹಳೇ ಪಿಕಪ್

ಅಕ್ಕನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಮೈ ಕಡ್ಡಿಯಂಥದು, ಮುಂಗೈ ಮಾತ್ರ ಗರಡಿಯಲ್ಲಿ ಸಾಮು ಮಾಡಿದವರದು. ಬಳೆ ತೊಡುತ್ತಿರಲಿಲ್ಲ. ಮಗನ ಮೈಗೆ ಗೀರುತ್ತದೆ ಎಂದು ಯಾವತ್ತೋ ತೆಗೆದಿಟ್ಟವರು ಮತ್ತೆ ಹಾಕಿಕೊಂಡಿರಲಿಲ್ಲ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದುಕೊಂಡಿದ್ದ ಆ ಮಗನಿಗೆ ಮೂವತ್ತು ದಾಟಿತ್ತು. ಕೂರಲಾರ, ನಿಲ್ಲಲಾರ, ಮಾತಿಲ್ಲ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿ ಪಕ್ಕದ ಮಂಚಕ್ಕೆ ಅವನನ್ನು ಎತ್ತಿ ಎತ್ತಿ ಅಕ್ಕನ ಮೈಯೇ ಒಂದು ಕಡೆಗೆ ವಾಲಿಬಿಟ್ಟಿತ್ತು. ಮೂವತ್ತಾದರೂ ಅವನು ನಮಗೆಲ್ಲ ಪುಟ್ಟನೇ.

ಅಕ್ಕ ಸರ್ಕಾರಿ ಕಚೇರಿಯಲ್ಲಿ ಸ್ಟೆನೋ. ಪುಟ್ಟ ಚಿಕ್ಕವನಿದ್ದಾಗಲೇ ಗಂಡ ತೀರಿಕೊಂಡಿದ್ದರು. ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ತಾಯಿ ಮಗ ಇಬ್ಬರೇ. ಆಫೀಸಿನ ಹೊತ್ತಿಗೆ ಒಬ್ಬ ಆಯಾ ಬರುತ್ತಿದ್ದಳು. ನಾನು ಆಗ ಮುನಿರ್ಕಾದಲ್ಲಿ ವಿದ್ಯಾರ್ಥಿಗಳ ಜೊತೆ ರೂಮು ಹಂಚಿಕೊಂಡಿದ್ದೆ, ವಿದ್ಯಾರ್ಥಿಯಾಗಿ ಅಲ್ಲ. ಹಳೇ ಗಾಡಿ ಮಾರುವ ಒಬ್ಬ ಪಂಜಾಬಿಯ ಹತ್ತಿರ ಕಾರು ತೊಳೆಯುವ ಕೆಲಸ ನನ್ನದು. ಕನ್ನಡ ಸಂಘದ ಗಣೇಶನ ಹಬ್ಬದ ಊಟದಲ್ಲಿ ಪರಿಚಯವಾಗಿ, ಆಮೇಲೆ ಭಾನುವಾರದ ಸಾರನ್ನಕ್ಕೆ ಅವರ ಮನೆಗೆ ಹೋಗುವುದು ರೂಢಿಯಾಯಿತು. ಸ್ವಂತ ವ್ಯಾಪಾರಕ್ಕೆ ಲೈಸೆನ್ಸ್ ಬೇಕಾದಾಗ ಅರ್ಜಿ ಬರೆಯುವುದನ್ನು ಕಲಿಸಿದವರು ಅಕ್ಕ. ಒಂದು ಕೈಯಲ್ಲಿ ಪುಟ್ಟನಿಗೆ ಗಂಜಿ ಕುಡಿಸುತ್ತಾ, ನಾನು ಬರೆದದ್ದನ್ನು ಓದಿ, "ಇದೇನೋ ಇದು, ಅರ್ಜಿನೋ ಗೋಳೋ? ವಿಷಯ ಮೊದಲು ಬರಿ. ಕಷ್ಟ ಆಮೇಲೆ. ಓದೋನಿಗೂ ಮನೇಲಿ ಕಷ್ಟ ಇರುತ್ತೆ" ಅಂದಿದ್ದರು. ಇವತ್ತು ನೋಯ್ಡಾದಲ್ಲಿ ನನ್ನದೇ ಯಾರ್ಡ್ ಇದೆ, ಹಳೇ ಗಾಡಿ ಕೊಂಡು ಮಾರುತ್ತೇನೆ. ಆ ಮೊದಲ ಅರ್ಜಿ ಮಂಜೂರಾಗಿದ್ದರಿಂದ.

ನಾನು ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವನು. ಅಕ್ಕ ತರಕಾರಿ ಭಯ್ಯಾ ಹೇಳಿದಷ್ಟು ಕೊಟ್ಟು ಚೀಲ ಹಿಡಿಯುವವರು. ಒಂದು ಸಲ ತಡೆಯಲಾರದೆ, "ಅಕ್ಕ, ನಿಮ್ಮನ್ನ ನೋಡಿದ ಕೂಡಲೇ ಅವನು ರೇಟು ಏರಿಸ್ತಾನೆ" ಅಂದೆ.

"ಏರಿಸಲಿ ಬಿಡು. ಚೌಕಾಸಿಗೆ ಹೊತ್ತು ಬೇಕು ಕಣಪ್ಪಾ. ನನ್ನ ಹೊತ್ತು ಮನೇಲಿ ಮಲಗಿದೆ."

ಪ್ರತಿ ಚಳಿಗಾಲ ಪುಟ್ಟನ ಎದೆ ಕಟ್ಟುತ್ತಿತ್ತು. ದೀಪಾವಳಿಯ ಆಸುಪಾಸಿಗೆ ದೆಹಲಿಯ ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಎದುರಿನ ಬ್ಲಾಕ್ ಕಾಣದಷ್ಟು ಹೊಗೆ ಕವಿಯುತ್ತದಲ್ಲ, ಆಗ ಅವನ ಉಸಿರು ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು. ಅವನಿಗೆ ಕೆಮ್ಮಲೂ ಬರುತ್ತಿರಲಿಲ್ಲ. ಅಕ್ಕ ಮಗ್ಗುಲಾಗಿಸಿ ಬೆನ್ನು ತಟ್ಟಿ ಕಫ ಇಳಿಸಬೇಕು. ಅವರು ನಿವೃತ್ತರಾದ ವರ್ಷ ಡಾಕ್ಟರು ನೇರವಾಗಿಯೇ ಹೇಳಿದರು: ಇನ್ನೊಂದು ಚಳಿಗಾಲ ಇಲ್ಲಿ ಕಳೆದರೆ ಇವನು ಉಳಿಯುವುದು ಕಷ್ಟ.

ಅಕ್ಕನ ಊರು ಚಳ್ಳಕೆರೆ. ಅಲ್ಲಿ ಒಂದು ಸೈಟು ತೆಗೆದು ಎರಡು ಕೋಣೆ ಕಟ್ಟಿಸಿದ್ದರು. ಒಣ ಹವೆ, ಎದೆಗೆ ಒಳ್ಳೆಯದು. ಕರೆದೊಯ್ಯುವುದು ಹೇಗೆ ಅನ್ನುವುದೇ ಪ್ರಶ್ನೆ. ರೈಲಿನಲ್ಲಿ ಒಮ್ಮೆ ಪ್ರಯತ್ನಿಸಿದ್ದರಂತೆ; ಸೆಟೆದ ಕಾಲು ಬೋಗಿಯ ತಿರುವಿನಲ್ಲಿ ತಿರುಗಲಿಲ್ಲ, ಹಿಂದೆ ಸಾಲುಗಟ್ಟಿದ್ದ ಜನ ಬೈಯುತ್ತಿದ್ದರೆ ಅವನಿಗೆ ಅಲ್ಲೇ ಫಿಟ್ಸ್ ಬಂದಿತ್ತು. ವಿಮಾನದವರು ಇಂಥ ಪ್ರಯಾಣಿಕ ಆಗುವುದಿಲ್ಲ ಅಂದರು. ಆಂಬುಲೆನ್ಸ್ ಮಾಡಿಸೋಣ ಅಂದೆ.

"ಅಲ್ಲಿ ಇಳಿಸಿ ವಾಪಸ್ ಬರ್ತಾನೆ ಅವನು. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಇವನನ್ನ ಯಾವ ಆಟೋಲಿ ತುರುಕಲಿ? ನನಗೊಂದು ಪಿಕಪ್ ನೋಡು."

"ಓಡಿಸೋರು ಯಾರು?"

"ನಾನು. ಡ್ರೈವಿಂಗ್ ಕಲಿಯೋಕೆ ಹೋಗ್ತಿದೀನಿ. ಕಲಿಸೋ ಹುಡುಗ ನನ್ನನ್ನ ಆಂಟೀಜೀ ಅಂತ ಕರೀತಾ ಬ್ರೇಕ್ ಮೇಲಿಂದ ಕಾಲೇ ತೆಗೆಯಲ್ಲ."

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡುವಂತಿಲ್ಲ. ಹಾಗಾಗಿ ಎಂಟು, ಒಂಬತ್ತು ವರ್ಷದ ಒಳ್ಳೊಳ್ಳೆ ಗಾಡಿಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವನ್ನು ಬೇರೆ ರಾಜ್ಯದಲ್ಲಿ ಓಡಿಸಲು ಇಲ್ಲಿಂದ ಎನ್‌ಒಸಿ ಅನ್ನುವ ಕಾಗದ ಬೇಕು, ಈ ಗಾಡಿ ಹೋಗಲು ನಮ್ಮ ಅಡ್ಡಿಯಿಲ್ಲ ಅಂತ. ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ದಲ್ಲಾಳಿ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾನೆ, ಅಂದರೆ ತಣ್ಣಗಿದ್ದಾಗ ಅದು ಏಳುವುದಿಲ್ಲ. ಬೆಲೆ ಇಳಿಸಿದ ಮೇಲೆ ಸ್ಟೆಪ್ನಿ ಇದೆಯೋ ನೋಡಿ. ನೀವು ಬೆಲೆ ಇಳಿಸಿದರೆ ಅವನು ಸಾಮಾನು ಇಳಿಸುತ್ತಾನೆ.

ನನ್ನ ಯಾರ್ಡಿನಲ್ಲಿ ಆಗ ಪಿಕಪ್ ಇರಲಿಲ್ಲ, ದೆಹಲಿಯ ಒಬ್ಬ ದಲ್ಲಾಳಿಯಲ್ಲಿಗೆ ಹೋದೆವು. ನಾನು ಇದನ್ನೆಲ್ಲ ನೋಡುತ್ತಿದ್ದರೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಪಿಕಪ್ಪಿನ ಹಿಂಬದಿ ಹತ್ತಿ, ಆ ತುಕ್ಕು ಹಿಡಿದ ತಗಡಿನ ಮೇಲೆ ಅಂಗಾತ ಮಲಗಿಬಿಟ್ಟರು. ದಲ್ಲಾಳಿಗೆ ಗಾಬರಿ. "ಅರೇ ಮಾತಾಜೀ, ಸೀರೆ ಕೊಳೆಯಾಗುತ್ತೆ, ಇಳೀರಿ" ಅಂತ ಹಿಂದಿಯಲ್ಲಿ ಅಂಗಲಾಚಿದ.

"ನೀನು ಓಡಿಸು" ಅಂದರು ನನಗೆ. "ಹಂಪ್ ಇರೋ ಕಡೆ ಹೋಗು. ನಿಧಾನ ಮಾಡಬೇಡ."

ಓಡಿಸಿದೆ. ವಾಪಸು ಬಂದಾಗ ಅವರ ಮೊಣಕೈ ತರಚಿತ್ತು. "ಎಸೆಯುತ್ತೆ ಕಣೋ" ಅಂದರು. ಭಾರ ಹೊರುವ ಗಾಡಿ ಖಾಲಿಯಿದ್ದರೆ ಎಸೆದೇ ಎಸೆಯುತ್ತದೆ. ಹಿಂದಿನ ಸ್ಪ್ರಿಂಗಿನ ಪಟ್ಟಿಗಳಲ್ಲಿ ಕೆಲವನ್ನು ತೆಗೆಸಿ, ತಗಡಿನ ಮೇಲೆ ಮರಳು ಮೂಟೆ ಹರಡಿ, ಅದರ ಮೇಲೆ ಹಾಸಿಗೆ ಹಾಕಿಸಿದೆ. ಅಕ್ಕ ಮತ್ತೆ ಮಲಗಿದರು, ಮತ್ತೆ ಓಡಿಸಿದೆ. ಆ ಮಲಗುವ ಪರೀಕ್ಷೆ ನಾಲ್ಕಾರು ಸಲ ನಡೆಯಿತು. ಕೊನೆಗೆ ಮೇಲೆದ್ದು, "ಇದು ಸರಿ. ಇದರಲ್ಲಿ ಅವನಿಗೆ ನಿದ್ದೆ ಬರುತ್ತೆ" ಅಂದರು. ಎರಡು ಕಡೆ ಕಿಟಕಿಯಂತೆ ತೆರೆಯುವ ಹಾಗೆ ಟಾರ್ಪಾಲು ಹೊಲಿಸಿದೆವು.

ಎಲ್ಲ ಸಿದ್ಧವಾಯಿತು. ಎನ್‌ಒಸಿ ಬರಲಿಲ್ಲ. ಹಳೇ ಮಾಲೀಕನ ಹೆಸರಿನಲ್ಲಿ ಯಾವುದೋ ದಂಡದ ಚಲನ್‌ಗಳು ಬಾಕಿಯಿದ್ದವು. ಅವನು ತುಂಬುವವರೆಗೆ ಕಾಗದ ಸಿಗದು, ಅವನು ಊರಿಗೆ ಹೋಗಿ ಕೂತಿದ್ದ, ಫೋನು ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಹೊಗೆ ಇಳಿಯತೊಡಗಿತು.

ನಾನು ಕಿದ್ವಾಯಿ ನಗರಕ್ಕೆ ಹೋಗಿ ಹೇಳಿದೆ, "ಅಕ್ಕ, ಬೆಳಗ್ಗೆ ಹೊರಟುಬಿಡೋಣ. ಕಾಗದ ಆಮೇಲೆ ಕೊರಿಯರ್ ಮಾಡಿಸ್ತೀನಿ. ನಮ್ಮ ಲೈನಲ್ಲಿ ಎಲ್ಲರೂ ಹೀಗೇ ಮಾಡೋದು. ದಾರೀಲಿ ಕೇಳಿದರೆ ನಾನಿದೀನಲ್ಲ, ಮಾತಾಡ್ತೀನಿ."

"ನೀನು ಮಾತಾಡ್ತೀಯ. ಅವರು ಗಾಡಿ ಹಿಡಿದು ನಿಲ್ಲಿಸಿದರೆ? ಇವನನ್ನ ಇಟ್ಕೊಂಡು ಯಾವ ಠಾಣೆ ಅಂಗಳದಲ್ಲಿ ಕೂರಲಿ?"

"ಯಾರೂ ಹಿಡಿಯಲ್ಲ."

"ನನ್ನ ಇಡೀ ಸರ್ವೀಸು ಕಾಗದ ಇಲ್ಲದವರನ್ನ ವಾಪಸ್ ಕಳಿಸೋ ಚಿಟ್ಟಿ ಟೈಪ್ ಮಾಡಿದೀನಿ ಕಣೋ. ಏನಾಗುತ್ತೆ ಅಂತ ನನಗೆ ಗೊತ್ತು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಾಮಾನಿನ ಗಾಡಿಯಲ್ಲಿ ಮನುಷ್ಯರನ್ನು ಮಲಗಿಸಿಕೊಂಡು ಹೋಗುವುದೇ ಕಾನೂನಿಗೆ ಹೊರಗಿನದು, ಅದಕ್ಕಾಗಿ ಡಾಕ್ಟರ ಪತ್ರವನ್ನೂ ಮಾಡಿಸಿ ಫೈಲಿನಲ್ಲಿ ಇಟ್ಟಿದ್ದರು. ಕಾದರು. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಕಾದರು. ಹೊಗೆ ಇನ್ನೂ ಹೆಚ್ಚಾಗಿ ಹಳೇ ಡೀಸೆಲ್ ಗಾಡಿಗಳು ರಸ್ತೆಗಿಳಿಯುವುದನ್ನೇ ಸರ್ಕಾರ ನಿಲ್ಲಿಸಿತು, ಅಕ್ಕ ಮತ್ತೆ ಕಾದರು. ನಾನು ಹೋದಾಗಲೆಲ್ಲ ಪುಟ್ಟನ ಉಸಿರಾಟ ಬಾಗಿಲಲ್ಲೇ ಕೇಳಿಸುತ್ತಿತ್ತು. "ಹೊಟ್ಟೇಲಿ ಏನೂ ನಿಲ್ತಾ ಇಲ್ಲ" ಅನ್ನುತ್ತಿದ್ದರು ಅಕ್ಕ, ನನ್ನ ಕಡೆ ನೋಡದೆ.

ಕೊನೆಗೂ ಹಳೇ ಮಾಲೀಕ ದಂಡ ತುಂಬಿ ಕಾಗದ ಬಂತು. ಗಾಡಿ ಬಿಡಲು ಅನುಮತಿಯೂ ಆಯಿತು. ಮರುದಿನವೇ ಹೊರಟೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನು. ಅಕ್ಕ, "ಬೇಗ ಹತ್ತಿಸು, ಪೂಜೆ ಊರಲ್ಲಿ ಮಾಡೋಣ" ಅಂದರು.

ಆಗ್ರಾ ದಾಟಿದರೂ ಹೊಗೆ ಬಿಡಲಿಲ್ಲ. ಗ್ವಾಲಿಯರ್ ಕಳೆದು ಶಿವಪುರಿಯ ಕಾಡು ಶುರುವಾದಾಗ ಮೇಲೆ ನೀಲಿ ಕಂಡಿತು. ಟಾರ್ಪಾಲಿನ ಕಿಟಕಿ ಎತ್ತಿ ಕಟ್ಟಿದೆವು. ಪುಟ್ಟ ಓಡುವ ಮರಗಳನ್ನು ನೋಡಿ "ಹಾ" ಅಂದ. ಅವನಿಗಿದ್ದ ಒಂದೇ ಶಬ್ದ ಅದು, ಖುಷಿಗೆ ಮಾತ್ರ ಬರುತ್ತಿದ್ದದ್ದು. ಹಿಂದಿನಿಂದ ಅಕ್ಕ ಕೂಗಿದರು, "ಕೇಳಿಸ್ತಾ? ಮುಂದೆ ಕೂತವನೇ, ಕೇಳಿಸ್ತಾ?" ಹಾರ್ನ್ ಹೊಡೆದು ಉತ್ತರ ಕೊಟ್ಟೆ. ಅವನು ಮತ್ತೆ "ಹಾ" ಅಂದ.

ಇಂದೋರ್ ಆದ ಮೇಲೆ ಅಗಲ ರಸ್ತೆ ಸಿಕ್ಕಲ್ಲೆಲ್ಲ ಅಕ್ಕ ಸ್ಟೇರಿಂಗ್ ಹಿಡಿದರು, ನಾನು ಪುಟ್ಟನ ಪಕ್ಕ ಕೂತೆ. ಗೂಡ್ಸ್ ರೈಲಿನಂತೆ ಹೋಗುತ್ತಿದ್ದರು. ಲಾರಿಗಳು ಹಿಂದೆ ಬಂದು ಅರಚಿದರೆ, "ಹೊಡೀಲಿ, ಹಾರ್ನು ಅವರಪ್ಪಂದು" ಅನ್ನುವುದು ಗಾಜಿನ ಆಚೆಯಿಂದ ಕೇಳುತ್ತಿತ್ತು. ಎಷ್ಟೋ ವರ್ಷದ ಪರಿಚಯದಲ್ಲಿ ಅಕ್ಕ ಪೋಲಿ ಮಾತಾಡಿದ್ದನ್ನು ನಾನು ಕೇಳಿದ್ದು ಆ ರಸ್ತೆಯಲ್ಲಿ ಮಾತ್ರ. ಪುಟ್ಟ ಎರಡು ತುತ್ತು ಬಾಳೆಹಣ್ಣು ತಿಂದ ದಿನ ನಾವು ಧುಳೆಯ ಢಾಬಾದಲ್ಲಿ ಹಬ್ಬದಂತೆ ಉಂಡೆವು. ಗೆದ್ದೆವು ಅಂದುಕೊಂಡಿದ್ದೆ.

ಸೊಲ್ಲಾಪುರ ಬಿಟ್ಟದ್ದು ನಸುಕಿನಲ್ಲಿ. ನಾನು ಓಡಿಸುತ್ತಿದ್ದೆ. ಬಿಸಿಲು ಏರುವ ಹೊತ್ತಿಗೆ ಅಕ್ಕ ಗಾಜು ತಟ್ಟಿದರು. ಗಾಡಿ ಪಕ್ಕಕ್ಕೆ ಹಾಕಿ ಹಿಂದೆ ಹೋದೆ. ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ಆ ಉಸಿರಿನ ಸದ್ದು ಇರಲಿಲ್ಲ. ಸೆಟೆದೇ ಇರುತ್ತಿದ್ದ ಬೆರಳುಗಳು ಮೊದಲ ಸಲ ಸಡಿಲವಾಗಿದ್ದವು. ಅಕ್ಕ ಅವನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

ನಾನು ಏನೋ ಹೇಳತೊಡಗಿದೆ. ಹತ್ತಿರದ ಆಸ್ಪತ್ರೆ, ಡಾಕ್ಟರು, ಸರ್ಟಿಫಿಕೇಟು.

"ಬೇಡ" ಅಂದರು. "ಗುರುತಿಲ್ಲದ ಊರು. ಹೇಗೆ ಸತ್ತ ಅಂತ ಕೇಳ್ತಾರೆ, ಕೊಯ್ತಾರೆ. ಅವನನ್ನ ಕೊಯ್ಯೋದು ಬೇಡ. ನಡಿ."

"ಮುಂದೆ ಚೆಕ್‌ಪೋಸ್ಟ್ ಇದೆ ಅಕ್ಕ."

"ನಡಿ."

ಭೀಮಾ ಹೊಳೆಯ ಸೇತುವೆ ದಾಟಿದೆವು. ಅದರಾಚೆ ಕರ್ನಾಟಕ. ಪೇದೆಯೊಬ್ಬ ಕೈ ಅಡ್ಡ ಹಿಡಿದ, ಹಿಂದೆ ಹೋಗಿ ಟಾರ್ಪಾಲು ಎತ್ತಿದ. ದಾರೀಲಿ ಮಾತಾಡ್ತೀನಿ ಅಂದಿದ್ದ ನಾನು ಸ್ಟೇರಿಂಗ್ ಹಿಡಿದೇ ಕೂತಿದ್ದೆ.

"ಯಾರ್ರೀ ಇವ್ರು, ಮಲಗ್ಯಾರಲ್ಲ?"

"ನನ್ನ ಮಗ" ಅಂದರು ಅಕ್ಕ. "ಹುಷಾರಿಲ್ಲ. ಈಗ ನಿದ್ದೆ ಹತ್ತಿದೆ." ಒಂದು ಕೈ ಅವನ ತಲೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಫೈಲು ಮುಂದೆ ಚಾಚಿದರು.

"ಎಲ್ಲಿಂದ ಬಂದೀರಿ?"

"ದೆಹಲಿಯಿಂದ."

"ದಿಲ್ಲಿಯಿಂದ? ಈ ಗಾಡ್ಯಾಗ?" ಅವನು ಫೈಲು ಮುಟ್ಟಲಿಲ್ಲ. ಟಾರ್ಪಾಲನ್ನು ಸದ್ದಾಗದಂತೆ ಇಳಿಸಿದ. ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಸಾವಕಾಶ ಹೋಗ್ರಿ. ಎಬ್ಬಸಬ್ಯಾಡ್ರಿ ಪಾಪ" ಅಂದ.

ಅಲ್ಲಿಂದ ಚಳ್ಳಕೆರೆಯವರೆಗೂ ಅಕ್ಕ ಗಾಜು ತಟ್ಟಲಿಲ್ಲ. ಆ ಎನ್‌ಒಸಿಯನ್ನು ದೆಹಲಿಯಿಂದ ಅಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಊರಿನವರು ಬಂದರು. ಪರಿಚಯದ ಡಾಕ್ಟರು ಬಂದು ನೋಡಿದರು. ಮರುದಿನ ಎಲ್ಲ ಮುಗಿಯಿತು. ವೈಕುಂಠ ಸಮಾರಾಧನೆಯವರೆಗೆ ನಾನು ಅಲ್ಲೇ ಉಳಿದೆ. ಸಾಂತ್ವನಕ್ಕೆ ಬಂದವರು, "ಒಳ್ಳೇದೇ ಆಯ್ತು ಬಿಡಿ, ನಿಮ್ಮ ಹಿಂದೆ ಅವನ ಗತಿ ಏನಿತ್ತು" ಅನ್ನುತ್ತಿದ್ದರು. ಅಕ್ಕ ಅವರಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದರು. ನಾನು ಹೊರಡುವ ದಿನ, ಹೊಸ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದರು:

"ನೀನು ಹೇಳಿದ ದಿನವೇ ಹೊರಟಿದ್ದರೆ ಇರ್ತಿದ್ದನೇನೋ, ಅಲ್ವಾ?"

"ಇಲ್ಲ ಅಕ್ಕ. ಡಾಕ್ಟರು ನನ್ನ ಹತ್ತಿರ ಹೇಳಿದ್ದರು. ಯಾವಾಗ ಹೊರಟಿದ್ದರೂ ಇಷ್ಟೇ ಇತ್ತು" ಅಂದೆ. ಯಾವ ಡಾಕ್ಟರೂ ನನಗೆ ಹಾಗೆ ಹೇಳಿರಲಿಲ್ಲ.

ಅಕ್ಕ ಎದ್ದು ನನ್ನ ಚೀಲ ಕೈಗಿತ್ತರು. "ಗಾಡಿ ವಿಷಯದಲ್ಲಿ ಚೆನ್ನಾಗಿ ಸುಳ್ಳು ಹೇಳ್ತೀಯ ನೀನು" ಅಂದರು. "ಇದರಲ್ಲಿ ಬರಲ್ಲ ನಿನಗೆ. ಹೋಗು, ಬಸ್ ತಪ್ಪುತ್ತೆ."

ಆಮೇಲೆ ಫೋನಿನಲ್ಲಿ ಮಾತ್ರ ಸಿಕ್ಕರು. ಎತ್ತಲು ಯಾರೂ ಇಲ್ಲದ ಮೇಲೆ ಕೈಗೆ ನಿದ್ದೆಯೇ ಬರುವುದಿಲ್ಲ ಅಂದಿದ್ದರು ಒಮ್ಮೆ. ಎರಡನೆಯ ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಪಕ್ಕದ ಮನೆಯವರು ತಿಳಿಸಿದರು. ನಾನು ತಲುಪುವಷ್ಟರಲ್ಲಿ ಬೂದಿಯೂ ಆರಿತ್ತು.

ಈಗಲೂ ನಮ್ಮ ಕಡೆಯವರು ಯಾರ್ಡಿಗೆ ಬಂದು, ಗಾಡಿ ಕುದುರಿಸಿ, "ಎನ್‌ಒಸಿ ಬರೋವರೆಗೆ ಕಾಯಬೇಕಾ, ಹಾಗೇ ಹೊರಡಬಹುದಾ?" ಅಂತ ಕೇಳುತ್ತಾರೆ. ಬೆಲೆ, ಟೈರು, ಇಂಜಿನ್ನು, ಎಲ್ಲದಕ್ಕೂ ನನ್ನ ಹತ್ತಿರ ಸಲಹೆಯಿದೆ. ಇದಕ್ಕೆ ಮಾತ್ರ ತಟ್ಟನೆ ಉತ್ತರ ಕೊಡುವುದಿಲ್ಲ. ಕೂರಿಸಿ, ಚಹಾ ತರಿಸಿ, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಮೊದಲು ಕೇಳುತ್ತೇನೆ.