ವಿನಿಯವರ ಬಾಯ್ಲರ್ ಯಾಕೆ ನಿಲ್ಲುತ್ತಿಲ್ಲ?

ಬೆಳಗಿನ ಆರೂಮುಕ್ಕಾಲು. ಬರ್ನ್ಲಿ ಎಂಬ ಇಂಗ್ಲಿಷ್ ಊರಿನ ಒಂದು ಹಿಂಬದಿ ಓಣಿಯಲ್ಲಿ, ಕಸದ ಡಬ್ಬಿಗಳ ಪಕ್ಕ ವ್ಯಾನು ನಿಲ್ಲಿಸಿಕೊಂಡು ಗ್ಲೆಂಡಾ ಟ್ಯಾಟರ್ಸಾಲ್ ಒಂದು ಗೋಡೆಯನ್ನೇ ನೋಡುತ್ತ ಕೂತಿದ್ದಾರೆ. ಗೋಡೆಯಿಂದ ಹೊರಚಾಚಿದ, ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರಿನ ಕೊಳವೆ ಬಿಳಿ ಹಬೆ ಉಗುಳುತ್ತಿದೆ. ಅವರು ಐದು ಗಂಟೆಗೆ ಬಂದಾಗಲೂ ಉಗುಳುತ್ತಿತ್ತು. ನಡುವೆ ಒಂದು ಗಳಿಗೆಯೂ ನಿಂತಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಫೆಬ್ರುವರಿಯ ಈ ಕೊರೆಯುವ ಚಳಿಯಲ್ಲಿ ಆ ಮನೆಯ ಅಡುಗೆಮನೆ ಕಿಟಕಿ ಪೂರ್ತಿ ತೆರೆದಿದೆ.

"ಮನೆ ಬೆಚ್ಚಗಾದ್ಮೇಲೆ ಅದು ನಿಲ್ಲಲೇಬೇಕು," ಎನ್ನುತ್ತಾರೆ ಗ್ಲೆಂಡಾ. "ಯಾಕೆ ನಿಲ್ತಿಲ್ಲ? ದೇವರಾಣೆ ಗೊತ್ತಾಗ್ತಿಲ್ಲ. ಇಪ್ಪತ್ತೈದು ವರ್ಷದಿಂದ ಇದೇ ಕೆಲ್ಸ ಮಾಡ್ಕೊಂಡು ಬಂದು, ಹೀಗೆ ಕಳ್ಳರ ಥರ ಹೊಂಚು ಹಾಕ್ಬೇಕಾಯ್ತು ನೋಡಿ."

ಗ್ಲೆಂಡಾಗೆ ಅರವತ್ತೊಂದು. ಮನೆಯೊಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿಗಳ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವರು. ಕಾರ್ಖಾನೆ ಮುಚ್ಚಿದಾಗ ಮೂವತ್ತಾರನೆಯ ವಯಸ್ಸಿನಲ್ಲಿ ಬಾಯ್ಲರ್ ಕೂರಿಸುವುದನ್ನು ಕಲಿತರು. ಬಾಗಿಲು ತೆಗೆದವರೆಲ್ಲ ಅವರ ಬೆನ್ನ ಹಿಂದೆ ಇಣುಕಿ, "ಮೇಸ್ತ್ರಿ ಎಲ್ಲಮ್ಮಾ?" ಎಂದು ಕೇಳುತ್ತಿದ್ದ ಕಾಲ ಅದು. ಈಗ ಮಂಡಿ ಬಗ್ಗುವುದಿಲ್ಲ. ಆದ್ದರಿಂದ ಒಂದು ಸಣ್ಣ ಸೇವಾಸಂಸ್ಥೆಗಾಗಿ ಮನೆಮನೆಗೆ ಹೋಗಿ, ಇರುವ ಬಾಯ್ಲರನ್ನೇ ಹದವಾಗಿ ಬಳಸುವುದು ಹೇಗೆಂದು ಹೇಳಿಕೊಡುತ್ತಾರೆ. ದಿನಕ್ಕೆ ಆರು ಮನೆ, ಒಂದು ಚಳಿಗಾಲಕ್ಕೆ ಐನೂರರ ಆಸುಪಾಸು.

ಹೇಳುವ ಮಾತು ಎಲ್ಲ ಕಡೆ ಒಂದೇ. ಬಾಯ್ಲರಿನಿಂದ ಕೋಣೆಕೋಣೆಯ ಗೋಡೆಗಿರುವ ರೇಡಿಯೇಟರಿಗೆ ಹೋಗುವ ನೀರು ಎಪ್ಪತ್ತೈದು ಡಿಗ್ರಿ ಬೇಕಿಲ್ಲ, ಐವತ್ತೈದು ಸಾಕು. ಮನೆ ಎಷ್ಟು ಬೆಚ್ಚಗಿರಬೇಕೆಂದು ಗೊತ್ತುಮಾಡುವ ಥರ್ಮೋಸ್ಟಾಟನ್ನು ಮೂವತ್ತಕ್ಕೆ ತಿರುಗಿಸಿದ ಮಾತ್ರಕ್ಕೆ ಮನೆ ಬೇಗ ಬಿಸಿಯಾಗುವುದಿಲ್ಲ. "ಬಸ್ಸಲ್ಲಿ ಮುಂದಿನ ಸೀಟಿಗೆ ಹೋಗಿ ಕೂತ್ರೆ ಊರು ಬೇಗ ಬರುತ್ತಾ?" ಎಂದು ಕೇಳುತ್ತಾರೆ. ಜನ ನಗುತ್ತಾರೆ. ನಕ್ಕವರಲ್ಲಿ ಅರ್ಧ ಜನ ಇವರು ಬೀದಿ ದಾಟುವಷ್ಟರಲ್ಲಿ ಮತ್ತೆ ಮೂವತ್ತಕ್ಕೆ ತಿರುಗಿಸುತ್ತಾರೆ, ಅದೂ ಅವರಿಗೆ ಗೊತ್ತು.

ಈ ಮನೆಯದು ಮಾತ್ರ ಬಗೆಹರಿಯದ ಕಗ್ಗಂಟು. ಇಲ್ಲಿರುವವರು ವಿನಿ ಹಾರ್ಗ್ರೀವ್ಸ್, ಎಪ್ಪತ್ತೊಂಬತ್ತು ವರ್ಷದ ನಿವೃತ್ತ ಬಸ್ ಕಂಡಕ್ಟರ್. ಎದೆ ದುರ್ಬಲ, ಮಾತು ಜೋರು. ಶರತ್ಕಾಲದಲ್ಲಿ ಹೊಸ ಬಾಯ್ಲರು ಬಂತು, ಜೊತೆಗೆ ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದ ತಂತಿಯಿಲ್ಲದ ಥರ್ಮೋಸ್ಟಾಟೂ ಬಂತು. ಅಂದಿನಿಂದ ಗ್ಯಾಸು ಎರಡು ಪಟ್ಟು ಉರಿಯುತ್ತಿದೆ. ಗ್ಲೆಂಡಾ ಎರಡು ಸಲ ಹೇಳಿ ಕಳಿಸಿ ಬಂದು ನೋಡಿದರು. ಮುಂದಿನ ಕೋಣೆ ಹಿತವಾಗಿ ಬೆಚ್ಚಗಿತ್ತು, ಥರ್ಮೋಸ್ಟಾಟ್ ಇಪ್ಪತ್ತು ತೋರಿಸುತ್ತಿತ್ತು, ಬಾಯ್ಲರು ತೆಪ್ಪಗಿತ್ತು. ಒಳ್ಳೆಯ ಪಿಂಗಾಣಿಯಲ್ಲಿ ಟೀ, ಶುಂಠಿ ಕೇಕು. ತಪ್ಪು ಹುಡುಕಲು ಎಳ್ಳಷ್ಟೂ ಜಾಗವಿರಲಿಲ್ಲ.

"ಎಲ್ಲ ಸರಿ ಇದೆ ಅಂತೀಯ, ಗ್ಯಾಸ್ ನೋಡಿದ್ರೆ ನೀರಿನಂಗೆ ಹೋಗ್ತಿದೆ," ಎಂದು ವಿನಿ ಎರಡನೆಯ ಸಲ ಸಿಡುಕಿದ್ದರು. "ಸಾಕಮ್ಮ. ಸೋಮವಾರದಿಂದ ಪೂರ್ತಿ ಆಫ್. ಎರಡು ಸ್ವೆಟರ್ ಹಾಕ್ಕೊಂಡು ಬದುಕ್ತೀನಿ."

ಆ ಮಾತಿಗೆ ಗ್ಲೆಂಡಾಗೆ ಹಳೆಯದೊಂದು ನೆನಪಾಯಿತು. ಹೋದ ವರ್ಷ ಇನ್ನೊಂದು ಮನೆಯ ಮುದುಕರಿಗೆ ಹೀಗೇ "ಎಲ್ಲ ಸರಿ ಇದೆ" ಎಂದು ಹೇಳಿ ಬಂದಿದ್ದರು. ಅವರು ಬಾಯ್ಲರು ಆರಿಸಿ ಕೂತರು. ಮೂರು ವಾರಕ್ಕೆ ನ್ಯುಮೋನಿಯಾ. ಬದುಕಿದರು, ಆದರೆ ಈಗ ಮೆಟ್ಟಿಲು ಹತ್ತಲಾರರು. "ನಾನು ಇನ್ನೊಂದ್ ಸಲ ಹುಡುಕಬೇಕಿತ್ತು," ಎನ್ನುವಾಗ ಗ್ಲೆಂಡಾ ವ್ಯಾನಿನ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಇವತ್ತು ಗುರುವಾರ. ಸೋಮವಾರಕ್ಕೆ ನಾಲ್ಕೇ ದಿನ. ಅದಕ್ಕೇ ಈ ಸಲ ಹೇಳದೆ ಕೇಳದೆ ಬಂದಿದ್ದಾರೆ.

ಹಿತ್ತಿಲ ಬಾಗಿಲು ತಟ್ಟುತ್ತಾರೆ. ವಿನಿ ತೆಳ್ಳನೆಯ ನೈಟಿಯಲ್ಲಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬಾಗಿಲು ತೆಗೆಯುತ್ತಾರೆ.

"ಅಯ್ಯೋ ನಿನ್ನ! ಇದೇನ್ ಹೊತ್ತೇ ಬರೋಕೆ? ತಲೆ ಬಾಚಿಲ್ಲ, ಮನೆ ಗುಡಿಸಿಲ್ಲ. ನಡಿ ನಡಿ, ಮುಂದಿನ ಬಾಗಿಲಿಗೆ ಬಾ!"

"ಇಲ್ಲೇ ಬರ್ತೀನಿ ವಿನಿ. ಅಬ್ಬಾ, ಇದೇನಿದು, ರೊಟ್ಟಿ ಸುಡೋ ಒಲೆ ಥರ ಇದೆ ಅಡುಗೆಮನೆ!"

"ಅದಕ್ಕೇ ಕಿಟಕಿ ತೆಗ್ದಿರೋದು. ನಿನ್ ಬಾಯ್ಲರ್ ಮಹಾರಾಯ ನಿಲ್ಲಲ್ವಲ್ಲ."

"ಥರ್ಮೋಸ್ಟಾಟ್ ಎಲ್ಲಿ?"

"ಎಲ್ಲಿರ್ಬೇಕೋ ಅಲ್ಲಿದೆ."

ಗ್ಲೆಂಡಾ ಮುಂದಿನ ಕೋಣೆಯ ಬಾಗಿಲು ತಳ್ಳುತ್ತಾರೆ. ಮುಖಕ್ಕೆ ಮಂಜಿನ ನೀರು ಎರಚಿದ ಹಾಗೆ ಚಳಿ. ರೇಡಿಯೇಟರಿನ ತಿರುಪು ಮುಚ್ಚಿದೆ. ಪಿಂಗಾಣಿಯ ಕಪಾಟಿನ ಮೇಲೆ, ಕ್ರೋಷಾ ಹಾಸಿನ ನಟ್ಟನಡುವೆ, ಮದುವೆ ಫೋಟೋದ ಪಕ್ಕ ಥರ್ಮೋಸ್ಟಾಟ್ ಕೂತಿದೆ. ತೋರಿಸುತ್ತಿರುವುದು ಹನ್ನೊಂದು ಡಿಗ್ರಿ. ಗ್ಲೆಂಡಾ ತಿರುಗಿ ವಿನಿಯನ್ನು ಕೇಳುತ್ತಾರೆ.

"ನಾನು ಬಂದಾಗೆಲ್ಲ ಇದು ಬೆಚ್ಚಗಿತ್ತಲ್ಲ?"

"ಮತ್ತೆ? ನೆಂಟರು ಬರ್ತಾರೆ ಅಂದ್ರೆ ಹಿಂದಿನ ದಿನಾನೇ ಈ ಕೋಣೆ ರೇಡಿಯೇಟರ್ ತೆಗ್ದು ಬೆಚ್ಚಗೆ ಮಾಡಲ್ವಾ? ನೀನ್ ಹೋದ್ಮೇಲೆ ಮುಚ್ಚಿದೆ. ಈ ಕೋಣೇಲಿ ಯಾರ್ ಕೂರ್ತಾರೆ? ನನ್ ಗಂಡ ಹ್ಯಾರಿ ಹೆಣ ಇಟ್ಟಿದ್ದು ಬಿಟ್ರೆ ನೀನೇ ಕೂತಿದ್ದು."

"ಹಾಗಿದ್ರೆ ಇದನ್ನ ಯಾಕೆ ಇಲ್ಲಿಟ್ರಿ?"

"ಅಲ್ವೇ, ಅಷ್ಟು ಬೆಲೆಬಾಳೋ ಸಾಮಾನು. ಎಣ್ಣೆ ಬಾಣಲೆ ಪಕ್ಕ ಇಡ್ಲಾ?"

"ವಿನಿ, ಅದು ತಾನು ಕೂತ ಜಾಗದ ಚಳಿ ನೋಡಿ ಬಾಯ್ಲರಿಗೆ ಹೇಳುತ್ತೆ. ಇಲ್ಲಿ ಬೆಚ್ಚಗಾಗೋವರ್ಗೂ ಬಾಯ್ಲರ್ ನಿಲ್ಲಲ್ಲ."

"ಹಾಂ? ಟಿವಿ ರಿಮೋಟ್ ಥರ ಅಲ್ವಾ? ಅದಕ್ಕೂ ಚಳಿ ಆಗುತ್ತಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮುಂದಿನ ಕೋಣೆಯ ಚಳಿಗೆ ಹಿಂದಿನ ಕೋಣೆಗಳು ಬೇಯುತ್ತಿದ್ದವು. ಗ್ಲೆಂಡಾಗೆ ನಗುವೂ ಬರುತ್ತದೆ, ತನ್ನ ಮೇಲೆ ಸಿಟ್ಟೂ ಬರುತ್ತದೆ. ಬಾಯ್ಲರು, ಕೊಳವೆ, ಅಂಕಿ ಎಲ್ಲ ನೋಡಿದ್ದರು. ತಾನು ಬರುವೆನೆಂದೇ ಆ ಮನೆ ಬೇರೆಯಾಗುತ್ತಿತ್ತು ಎಂಬುದೊಂದು ಹೊಳೆದಿರಲಿಲ್ಲ.

ಥರ್ಮೋಸ್ಟಾಟನ್ನು ವಿನಿ ದಿನವಿಡೀ ಕೂರುವ ಹಿಂದಿನ ಕೋಣೆಗೆ ತಂದು, ಒಲೆಗೂ ರೇಡಿಯೇಟರಿಗೂ ದೂರವಾದ ಒಂದು ಮೇಜಿನ ಮೇಲೆ ಇಡುತ್ತಾರೆ. ಹಾಸಿಲ್ಲದೆ ಇಡಲು ವಿನಿ ಒಪ್ಪುವುದಿಲ್ಲ. ಹಾಸಿನ ಸಮೇತ ಬರುತ್ತದೆ. ಒಂದೆರಡು ನಿಮಿಷಕ್ಕೆ ಗೋಡೆಯ ಗುರುಗುರು ನಿಲ್ಲುತ್ತದೆ.

"ಕೆಟ್ಟೋಯ್ತಾ?" ವಿನಿ ಗಾಬರಿಯಿಂದ ಗ್ಲೆಂಡಾ ತೋಳು ಹಿಡಿಯುತ್ತಾರೆ.

"ಇಲ್ಲ. ನಿಮಗೆ ಬೆಚ್ಚಗಾಗಿದೆ ಅಂತ ಅದಕ್ಕೆ ಇವತ್ತು ಗೊತ್ತಾಯ್ತು. ಸೋಮವಾರ ಆಫ್ ಮಾಡ್ತೀರಾ?"

ವಿನಿ ಗೋಡೆಗೆ ಕಿವಿಯಿಟ್ಟು ಅನುಮಾನದಿಂದ ಕೇಳುತ್ತಾರೆ. "ಅದೇ ಆಫ್ ಆಗುತ್ತೆ ಅಂದ್ಮೇಲೆ ನಾನ್ಯಾಕ್ ಮಾಡ್ಲಿ? ನಂಗೇನೋ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ. ಇರ್ಲಿ ಬಿಡು." ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ.

ಎಂಟೂವರೆಗೆ ಮುಂದಿನ ಮನೆ. ವ್ಯಾನಿನ ಬಾಗಿಲು ಹಿಡಿದು ನಿಂತ ಗ್ಲೆಂಡಾರನ್ನು, ಈ ಕೆಲಸದಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ನಗುತ್ತಾರೆ.

"ದೊಡ್ಡದೇನಿಲ್ಲ. ಜನ ನಂಗೋಸ್ಕರ ಒಳ್ಳೆ ಕೋಣೆ ಬೆಚ್ಚಗೆ ಮಾಡೋದು ಬಿಟ್ರೆ ಸಾಕು. ಅವ್ರು ಚಳೀಲಿ ಮುದುರ್ಕೊಂಡು ಕೂರೋ ಕುರ್ಚಿ ಇರುತ್ತಲ್ಲ, ಅದ್ರಲ್ಲೇ ನನ್ನೂ ಕೂರಿಸ್ಲಿ."